ಮುಕ್ಕಾಲು ಗಂಟೆ ಮುಂದಿದ್ದ ಕಡತ

ನಾನು ಒಂದು ಕಂಪೈಲ್ ಆದ ಕಡತ. ಹುಬ್ಬಳ್ಳಿಯ ಒಂದು ಹೊಲಿಗೆ ಡಿಪ್ಲೊಮಾ ಪರೀಕ್ಷಾ ಮಂಡಳಿಯ ಸರ್ವರಿನಲ್ಲಿ ಹುಟ್ಟಿದವನು. ಆ ಸರ್ವರ್ ಇದ್ದದ್ದು ಸುವರ್ಣಾ ಅಣ್ಣಿಗೇರಿಯವರ ಮೇಜಿನ ಕೆಳಗೆ. ಮಂಡಳಿಯ ವೆಬ್‌ಸೈಟ್ ನೋಡಿಕೊಳ್ಳುವವರು ಅವರೇ. ಹಾಗಾಗಿ ನನ್ನ ಒಡತಿಯ ಮುಖಕ್ಕಿಂತ ನನಗೆ ಅವರ ಚಪ್ಪಲಿಯ ಪರಿಚಯವೇ ಹೆಚ್ಚು.

ನನ್ನ ಹುಟ್ಟಿನ ಕಥೆ ಸರಳ. ಮರುದಿನದ ಪರೀಕ್ಷೆಗೆ ಹಾಲ್ ಟಿಕೆಟ್ ಕೊಡುವ ಪುಟವೊಂದನ್ನು ಸುವರ್ಣಾ ಬರೆದು ಸರ್ವರಿಗೆ ಕಳಿಸಿದರು. ಮನುಷ್ಯರು ಬರೆದದ್ದು ಯಂತ್ರಕ್ಕೆ ನೇರವಾಗಿ ಅರ್ಥವಾಗುವುದಿಲ್ಲ. ಮೊದಲ ಸಲ ಯಾರಾದರೂ ಆ ಪುಟ ಕೇಳಿದಾಗ ಸರ್ವರ್ ಅದನ್ನು ತನ್ನ ಭಾಷೆಗೆ ತಿರುಗಿಸಿ ಒಂದು ಕಡತ ಮಾಡಿ ಒಳಗಿಟ್ಟುಕೊಳ್ಳುತ್ತದೆ. ಆ ಕಡತವೇ ನಾನು. ಆಮೇಲೆ, ಮೂಲ ಬರಹ ನನಗಿಂತ ಹೊಸದಾಗುವ ತನಕ, ಎಷ್ಟು ಜನ ಬಂದರೂ ಅದನ್ನು ತೆರೆಯುವ ತಂಟೆಯೇ ಇಲ್ಲ, ಎಲ್ಲದಕ್ಕೂ ನಾನೇ ಮುಂದು. ಹುಟ್ಟಿದ ಹತ್ತು ನಿಮಿಷದಲ್ಲಿ ಹನ್ನೊಂದು ಹೆಂಗಸರಿಗೆ ಹಾಲ್ ಟಿಕೆಟ್ ಕೊಟ್ಟು ಬೀಗುತ್ತಿದ್ದೆ.

ಅಷ್ಟರಲ್ಲಿ ಫೋನು ಬಂತು. ಸುವರ್ಣಾ ಸ್ಪೀಕರ್ ಹಾಕಿದರು.

"ನಮಸ್ಕಾರ್ರಿ ಮೇಡಮ್, ನರಗುಂದದಿಂದ ಗಂಗವ್ವ ಮಾತಾಡೋದ್ರಿ. ಪತ್ರದಾಗ ಪರೀಕ್ಷಾ ಮುಂಜಾನೆ ಹತ್ತಕ್ಕ ಅಂದೀರಿ, ಹಾಲ್ ಟಿಕೆಟ್‌ನ್ಯಾಗ ಮಧ್ಯಾಹ್ನ ಎರಡಕ್ಕ ಐತಲ್ರಿ. ಯಾವುದು ಖರೇ? ಹ್ವಾದ ವರ್ಷ ಮಗಳ ಬಾಣಂತನದಾಗ ಪರೀಕ್ಷಾ ತಪ್ಪೇತ್ರಿ. ಈ ಸಲ ತಪ್ಪಬಾರದ್ರಿ."

"ಅಯ್ಯ ದೇವ್ರ! ಹತ್ತಕ್ಕರೀ. ಈಗ ತಿದ್ದತೀನಿ."

ಸುವರ್ಣಾ ತಮ್ಮ ಕಂಪ್ಯೂಟರಿನಲ್ಲಿ ಎರಡನ್ನು ಹತ್ತು ಮಾಡಿ, ಪುಟವನ್ನು ಯಾವ ಹೊತ್ತಿಗೆ ತಿದ್ದಿದ್ದೆಂಬ ಗುರುತಿನ ಸಮೇತ ಸರ್ವರಿಗೆ ಕಳಿಸಿದರು. ಗಂಗವ್ವ ಪುಟ ತೆರೆದರು. ನಾನು ಠಾಕುಠೀಕಾಗಿ ಹೇಳಿದೆ: ಮಧ್ಯಾಹ್ನ ಎರಡು.

"ಇನ್ನೂ ಎರಡ ಐತ್ರಿ."

ಸುವರ್ಣಾ ಮತ್ತೆ ಕಳಿಸಿದರು. ನಾನು ಮತ್ತೆ ಎರಡು ಎಂದೆ. ಸುಳ್ಳು ಹೇಳುವ ಆಸೆ ನನಗಿರಲಿಲ್ಲ, ಆದರೆ ನನ್ನೊಳಗೆ ಅಚ್ಚಾದದ್ದೇ ಅಷ್ಟು. ಮೇಜಿನ ಕೆಳಗೆ ಚಪ್ಪಲಿ ಚಡಪಡಿಸಿತು. ಪಕ್ಕದಲ್ಲೇ ಕರಿ ಬೂಟು ಬಂದು ನಿಂತಿತು. ಅದು ಸೂಪರಿಂಟೆಂಡೆಂಟ್ ಹೊಂಬಳ ಸಾಹೇಬರದು.

"ಏನ್ರೀ ಅಣ್ಣಿಗೇರಿಯವರ, ಒಂದು ಟೈಮ್ ತಿದ್ದಾಕ ಇಷ್ಟೊತ್ತ? ನಾಳೆ ಹತ್ತಕ್ಕ ಬಾಗಲಾ ಹಾಕತಾರ. ಒಬ್ಬಾಕಿ ಹೊರಗ ಉಳದ್ರೂ ನೀವ ಜವಾಬ್ದಾರಿ!"

ಈ ಸಾಹೇಬರ ಒಂದು ಪದ್ಧತಿ ಹೇಳಲೇಬೇಕು. ಸಿಬ್ಬಂದಿ ತಡವಾಗಿ ಬರುತ್ತಾರೆಂದು ಅವರು ಕಚೇರಿಯ ಗೋಡೆ ಗಡಿಯಾರವನ್ನು ಮುಕ್ಕಾಲು ಗಂಟೆ ಮುಂದೆ ಇಡಿಸಿದ್ದರು. ಹಾಜರಿ ಸರ್ವರಿನಲ್ಲೇ ಬೀಳುವುದರಿಂದ ಅದರ ಗಡಿಯಾರವನ್ನೂ ಮುಂದೆ ತಳ್ಳಿಸಿದ್ದರು. ಪ್ರಯೋಜನವೇನೂ ಆಗಲಿಲ್ಲ. ಎಲ್ಲರೂ ಗಡಿಯಾರ ನೋಡಿ, ಮನಸ್ಸಿನಲ್ಲೇ ನಲವತ್ತೈದು ನಿಮಿಷ ಕಳೆದು, ನಿಧಾನವಾಗಿಯೇ ಬರುತ್ತಿದ್ದರು. ಹಾಗೆ ಕಳೆಯಲು ಬಾರದ್ದು ಸರ್ವರ್ ಒಂದಕ್ಕೇ.

ಫೋನಿನಲ್ಲಿ ಗಂಗವ್ವ ಇನ್ನೂ ಇದ್ದರು. "ಸಿಟ್ಟ ಮಾಡಬ್ಯಾಡ್ರಿ ಸಾಹೇಬ್ರ. ನಮ್ಮ ಕೆಲಸದಾಗೂ ಹಿಂಗ ಆಕ್ಕೇತ್ರಿ. ಬುಕ್ಕಿನ್ಯಾಗ ಹೊಸಾ ಅಳತಿ ಬರಕೊಂಡಿರತೀವಿ, ಹಳೇ ಅಳತಿಯ ಪೇಪರ್ ಕಟಿಂಗ್ ಹಂಗ ಉಳದಿರತೈತಿ. ಅದನ್ನ ಇಟ್ಟು ಅರಿವಿ ಕತ್ತರಿಸಿದ್ರ ಹಳೇ ಜಂಪರ್ರ ಬರತೈತ್ರಿ."

ಚಪ್ಪಲಿ ಗಕ್ಕನೆ ನಿಂತಿತು. ಸುವರ್ಣಾ ನಾನಿದ್ದ ಫೋಲ್ಡರ್ ತೆರೆದರು. ಅವರ ಕೈಗಡಿಯಾರದಲ್ಲಿ ಇನ್ನೂ ಹನ್ನೊಂದು. ನಾನು ಹುಟ್ಟಿದ ವೇಳೆ ಎಂದು ನನ್ನ ಹಣೆಯ ಮೇಲೆ ಬರೆದದ್ದು ಹನ್ನೊಂದು ಇಪ್ಪತ್ತು!

"ಸರ್, ಇದು ಇನ್ನೂ ಹುಟ್ಟೇ ಇಲ್ರಿ! ನನ್ನ ಕಂಪ್ಯೂಟರಿನ ಸರಿ ಗಡಿಯಾರದಾಗ ನಾನು ತಿದ್ದಿದ್ದು ಹತ್ತೂ ಐವತ್ತೈದಕ್ಕ. ಸರ್ವರ್ ಎರಡೂ ವೇಳೆ ಹೋಲಿಸಿ, ತನ್ನ ಕಡೆ ಇದ್ದದ್ದ ಹೊಸದು ಅಂತ ತಿಳಕೊಂಡು ಸುಮ್ನ ಕುಂತೈತಿ. ನಿಮ್ಮ ಗಡಿಯಾರದ ಪ್ರತಾಪ."

ಬೂಟು ಒಂದು ಹೆಜ್ಜೆ ಹಿಂದೆ ಸರಿಯಿತು.

ನನಗೆ ವಿಷಯ ತಿಳಿಯಿತು. ನಾನು ಹೋದರೆ ಮಾತ್ರ ಗಂಗವ್ವನಿಗೆ ಹತ್ತು ಗಂಟೆ ಕಾಣುತ್ತದೆ. ಭಯವಾಯಿತು, ಸುಳ್ಳೇಕೆ ಹೇಳಲಿ. ಆದರೂ ಬೇಗ ಅಳಿಸಿಬಿಡಲಿ ಎಂದೇ ಹಾರೈಸಿದೆ. ಸುವರ್ಣಾ ಅಳಿಸಲಿಲ್ಲ. ಪುರಾವೆಗಿರಲಿ ಎಂದು ನನ್ನನ್ನು ಬೇರೊಂದು ಫೋಲ್ಡರಿಗೆ ಸರಿಸಿ, ಸರ್ವರನ್ನು ನಿಲ್ಲಿಸಿ ಮತ್ತೆ ಎಬ್ಬಿಸಿದರು. ಗಂಗವ್ವ ಪುಟ ಕೇಳಿದರು. ನನ್ನ ಜಾಗದಲ್ಲಿ ಹೊಸ ಕಡತ ಹುಟ್ಟಿತು.

"ಹತ್ತು ಬಂತ್ರಿ ಮೇಡಮ್!"

ಅಷ್ಟರೊಳಗೆ ತಪ್ಪು ಟಿಕೆಟ್ ಪಡೆದಿದ್ದ ಎಲ್ಲರಿಗೂ ಫೋನು ಹೋಯಿತು. ಮಾಡಿದವರು ಹೊಂಬಳ ಸಾಹೇಬರೇ, ಬಹಳ ಮೆತ್ತಗಿನ ದನಿಯಲ್ಲಿ. ಮರುದಿನ ಹತ್ತಕ್ಕೆ ಬಾಗಿಲು ಹಾಕುವಾಗ ಒಬ್ಬರೂ ಹೊರಗಿರಲಿಲ್ಲ. ಎರಡು ತಿಂಗಳ ಮೇಲೆ ಗಂಗವ್ವ ಪಾಸಾಗಿ, ಪೇಢೆ ಹಿಡಿದುಕೊಂಡು ಬಂದರು. ಅವರ ಚಪ್ಪಲಿಯನ್ನೂ ಕಂಡು ಧನ್ಯನಾದೆ.

ಸರ್ವರಿನ ಗಡಿಯಾರ ಈಗ ಸರಿಯಾಗಿದೆ. ಗೋಡೆಯದ್ದು ಇನ್ನೂ ಮುಂದೆಯೇ ಇದೆ. ನಾನಿರುವ ಫೋಲ್ಡರಿಗೆ ಸುವರ್ಣಾ ಇಟ್ಟ ಹೆಸರು 'ಸಾಹೇಬರ ಗಡಿಯಾರ'. ಇಲ್ಲಿಗೆ ಯಾರೂ ಬರುವುದಿಲ್ಲ, ನನಗೂ ಬೇಸರವಿಲ್ಲ. ಯಾರಾದರೂ ದಾರಿ ತಪ್ಪಿ ಬಂದರೆ ಒಂದೇ ವಿನಂತಿ: ಪರೀಕ್ಷೆ ಎಷ್ಟು ಹೊತ್ತಿಗೆ ಎಂದು ದಯವಿಟ್ಟು ನನ್ನನ್ನು ಕೇಳಬೇಡಿ. ನಾನು ಇವತ್ತಿಗೂ ಎರಡಕ್ಕೆ ಎಂದೇ ಹೇಳುತ್ತೇನೆ.