ಹದಿನಾಲ್ಕನೇ ಸಂಪುಟದ ಹೂಗಳು

ಲೈಬ್ರರಿಯ ಕಾಮಿಕ್ಸ್ ಕಪಾಟಿನ ಮುಂದೆ ನಿಂತರೆ ಮೊದಲು ಮೂಗಿಗೆ ಬಡಿಯುವುದು ಬೆವರು, ಹಳೇ ಗೋಂದಿನ ವಾಸನೆ. ಏಳನೇ ಸಂಪುಟದಲ್ಲಿ ಯಾರೋ ಸಿಂಬಳ ಒರೆಸಿದ್ದರು. ಒಂಬತ್ತನೆಯದರಲ್ಲಿ ಉಗುರಿನ ಚೂರು ಸಿಕ್ಕಿತು, ಕಾಲಿನದು. ಇಷ್ಟನ್ನೂ ಸಹಿಸಿಕೊಂಡು ನಾನೂ ಅಕ್ಕನೂ ಹದಿಮೂರು ಸಂಪುಟ ಮುಗಿಸಿದ್ದೆವು.

ಅದು ಮಂಗಾ, ಜಪಾನಿ ಕಾಮಿಕ್ಸ್. ಅಲ್ಲಿನವರು ಓದುವ ಹಾಗೆ ಹಿಂದಿನ ರಟ್ಟಿನಿಂದ ಶುರುಮಾಡಿ ಬಲದಿಂದ ಎಡಕ್ಕೆ ಓದಬೇಕು. ದೀಪಸ್ತಂಭ ಕಾಯುವ ಒಬ್ಬ ಹೆಂಗಸಿನ ಕಥೆ, ಸಂಪುಟಕ್ಕೊಂದು ಋತು. ಹದಿಮೂರನೆಯದರ ಕೊನೆಯಲ್ಲಿ ಒಂದು ದೋಣಿ ದಡಕ್ಕೆ ಬರುತ್ತದೆ, ಯಾರೋ ಕೆಳಗೆ ಕಾಲಿಡುತ್ತಾರೆ. ಮುಖ ತೋರಿಸುವುದಿಲ್ಲ. ಮುಖ ಇರುವುದು ಹದಿನಾಲ್ಕರಲ್ಲಿ, ಅದೇ ಕೊನೆಯದು. ವಾಪಸ್ ಬಂದ ಕೂಡಲೆ ನನಗೇ ಕೊಡಲೆಂದು ಚೀಟಿ ಬರೆಸಿ ಎಂಟು ತಿಂಗಳು ಕಾದಿದ್ದೆ.

ಅಕ್ಕ ಟೈಲರ್. ಮುಂದಿನ ಗುರುವಾರ ಅವಳ ಕಣ್ಣಿನ ಆಪರೇಷನ್ ಇತ್ತು. ಆಮೇಲೆ ಎರಡು ತಿಂಗಳು ಓದುವಂತಿಲ್ಲ.

"ಅಷ್ಟರೊಳಗೆ ತಂದ್ಕೊಡು ಕಣೇ," ಅಂದಿದ್ದಳು. "ಕಣ್ಣಿಗೆ ಬಟ್ಟೆ ಕಟ್ಕೊಂಡು ಆ ದೋಣಿ ಬಗ್ಗೆನೇ ಯೋಚಿಸ್ತಾ ಬಿದ್ದಿರೋಕೆ ನನ್ ಕೈಲಾಗಲ್ಲ."

ಸೋಮವಾರ ಹೋದೆ. ಪುಸ್ತಕ ವಾಪಸ್ ಬಂದಿದೆ ಎಂದು ರಿಜಿಸ್ಟರಿನಲ್ಲಿತ್ತು. ಕಪಾಟಿನಲ್ಲಿರಲಿಲ್ಲ.

ಬಾಗಿಲ ಪಕ್ಕ 'ವಸಂತದ ಮೂಲೆ' ಎದ್ದಿತ್ತು. ಋತುವಿಗೊಂದು ಮೂಲೆ ಮಾಡುವುದು ಇಲ್ಲಿನ ಪದ್ಧತಿ. ಒಣಗಿದ ಕೊಂಬೆ, ಅದರ ತುಂಬ ಕಾಗದದ ಹೂ. ಹತ್ತಿರ ಹೋಗಿ ನೋಡಿದೆ. ಒಂದು ಎಸಳಿನ ಮೇಲೆ ಅರ್ಧ ದೀಪಸ್ತಂಭವಿತ್ತು.

ಪಕ್ಕದ ಎಸಳು ತಿರುಗಿಸಿದೆ, ಅದರಲ್ಲಿ ಸಮುದ್ರವಿತ್ತು.

"ಚೆನ್ನಾಗಿದೆಯಾ?" ಎಂದ ಗೋಂದಣ್ಣ. ಹರಿದ ಪುಸ್ತಕಕ್ಕೆಲ್ಲ ಗೋಂದು ಬಳಿಯುವ ಅಟೆಂಡರ್‌ಗೆ ನಾವಿಟ್ಟ ಹೆಸರದು. ಬೆರಳ ತುದಿಯಲ್ಲಿ ಒಣಗಿದ ಗೋಂದನ್ನು ಹಲ್ಲಿನಿಂದ ಕಿತ್ತು ಪಕ್ಕಕ್ಕೆ ಉಗುಳುತ್ತಿದ್ದ.

"ಇದು ನಾನು ಚೀಟಿ ಬರೆಸಿದ್ದ ಪುಸ್ತಕ."

"ಅಯ್ಯೋ, ಅದು ತಪ್ಪು ಪ್ರಿಂಟಮ್ಮ. ಮೊದಲ ಪುಟ ತೆಗೆದ್ರೆ 'ನಿಲ್ಲಿ, ಇದು ಕೊನೆಯ ಪುಟ, ಪುಸ್ತಕ ತಿರುಗಿಸಿ' ಅಂತಿತ್ತು. ಪ್ರೆಸ್ಸಿನೋರೇ ಒಪ್ಕೊಂಡಿದಾರಲ್ಲ."

"ಹಾಗಿದ್ರೆ ತಿರುಗಿಸಬೇಕಿತ್ತು."

"ಉಲ್ಟಾ ಪುಸ್ತಕಾನ ಇನ್ನೊಂದು ಸಲ ಉಲ್ಟಾ ಮಾಡಿದ್ರೆ ಸರಿ ಹೋಗುತ್ತಾ?"

ಲೈಬ್ರರಿಯನ್ ಮೇಡಂ ಬಂದರು. ಲೈಬ್ರರಿ ಅವರದೇ ಮನೆಯೇನೋ ಎಂಬಂತೆ ಚಪ್ಪಲಿ ಎಳೆದುಕೊಂಡು ನಡೆಯುತ್ತಾರೆ. "ಅವನಿಗೇನು ಗೊತ್ತಮ್ಮ, ಕತ್ತರಿಸು ಅಂತ ನಾನೇ ಹೇಳಿದ್ದು. ಇಪ್ಪತ್ತನೇ ತಾರೀಖು ಮೇಲಿನ ಸಾಹೇಬರು ಈ ಮೂಲೆ ನೋಡೋಕೆ ಬರ್ತಾರೆ. ಬರೀ ಬೊಂಬೆ ಪುಸ್ತಕ ತಾನೆ? ಬೇರೆ ಯಾವುದಾದ್ರೂ ತಗೋ. ಎಲ್ಲಾ ಒಂದೇ."

ನಾನು ಚೀಟಿ ತೆಗೆದು ಮೇಜಿನ ಮೇಲಿಟ್ಟೆ. "ರಿಜಿಸ್ಟರಲ್ಲಿ ಪುಸ್ತಕ ಒಳಗಿದೆ ಅಂತಿದೆ. ಚೀಟಿ ಇರೋರಿಗೆ ಕೊಡಬೇಕು ಅಂತ ಗೋಡೆ ಮೇಲೆ ನೀವೇ ಬರೆಸಿದೀರಿ. ಕೊಡಿ, ಇಲ್ಲಾ ಕತ್ತರಿಸಿದೀವಿ ಅಂತ ಬರ್ಕೊಡಿ."

ಕತ್ತರಿಸಿದ್ದಕ್ಕೆ ಅವರಿಗೆ ನಾಚಿಕೆಯಿರಲಿಲ್ಲ; ಬರೆದುಕೊಡಲು ಮಾತ್ರ ಸಿದ್ಧರಿರಲಿಲ್ಲ. ಪುಸ್ತಕ ಕೊಡುವಾಗಿನ ಹಾಗೆಯೇ ಸ್ಟ್ಯಾಂಪ್ ಎತ್ತಿಕೊಂಡು ನನ್ನ ಕಾರ್ಡಿನ ಮೇಲೆ ಒತ್ತಿದರು.

"ಕೊಂಬೆ ತಗೊಂಡ್ಹೋಗು. ಹತ್ತೊಂಬತ್ತಕ್ಕೆ ವಾಪಸ್ ತರಬೇಕು."

ಬಸ್ಸಿನಲ್ಲಿ ಕೊಂಬೆ ಹಿಡಿದು ನಿಂತೆ. ಮದುವೆಗಾ ಎಂದು ಕಂಡಕ್ಟರ್ ಕೇಳಿದ. ತಿಥಿಗೆ ಎಂದೆ.

ಮನೆಯಲ್ಲಿ ಕುದಿಯುವ ನೀರಿನ ಹಬೆ ಹಿಡಿದು ಹೂ ಬಿಡಿಸಿದೆವು. ಹಬೆ ತಾಗಿದಂತೆ ಗೋಂದು ಲೋಳೆಯಾಗಿ ಬೆರಳಿಗೆ ಅಂಟಿತು, ಸತ್ತ ಇಲಿಯಂತೆ ನಾತ ಹೊಡೆಯಿತು. ಅಕ್ಕ ಮೂಗಿಗೆ ಸೆರಗು ಕಟ್ಟಿಕೊಂಡು, ಬಟ್ಟೆ ತುಂಡು ಹೊಂದಿಸುವ ಹಾಗೆ ಎಸಳುಗಳನ್ನು ನೆಲದ ಮೇಲೆ ಜೋಡಿಸಿದಳು. ಸಂಜೆಯ ಹೊತ್ತಿಗೆ ಹನ್ನೊಂದು ಪುಟ ಆದವು, ಎಲ್ಲವೂ ತೂತು ತೂತು. ದೋಣಿ ಬಂತು. ಕಾಲು ಬಂತು. ಹೆಂಗಸು ಮೆಟ್ಟಿಲಿಳಿದು ಓಡಿದಳು.

"ಮುಖ ಎಲ್ಲೇ?" ಎಂದಳು ಅಕ್ಕ.

ಒಂದು ಹೂವಿನ ನಡುವೆ ಸುರುಳಿ ಸುತ್ತಿ ಸಿಕ್ಕಿಸಿದ್ದ ಕೇಸರದಲ್ಲಿತ್ತು. ಗೋಂದಣ್ಣ ಅದಕ್ಕೆ ದಪ್ಪಗೆ ಹಳದಿ ಬಣ್ಣ ಬಳಿದಿದ್ದ. ಅಕ್ಕ ಉಗುರಿನಿಂದ ಮೆಲ್ಲಗೆ ಕೆರೆದಳು. ಬಣ್ಣದ ಜೊತೆ ಕಾಗದವೂ ಕಿತ್ತು ಬಂತು. ಕಣ್ಣಿನ ಹತ್ತಿರ ಹಿಡಿದು ನೋಡಿದಳು, ದೂರ ಹಿಡಿದು ನೋಡಿದಳು.

"ಕಿವಿ ಒಂದಿದೆ," ಎಂದಳು. "ಯಾರದೋ ಏನೋ. ತೆಗೆದಾಕು, ವಾಂತಿ ಬರುತ್ತೆ."

ಗುರುವಾರ ಅವಳ ಆಪರೇಷನ್ ಆಯಿತು.

ಹತ್ತೊಂಬತ್ತಕ್ಕೆ ಕೊಂಬೆ ವಾಪಸ್ ಕೊಟ್ಟೆ. ಸುಕ್ಕಾದ ಎಸಳುಗಳನ್ನು ಅಂಗೈಯಲ್ಲಿ ಹಿಡಿದು ಮೇಡಂ ತಲೆ ಕೊಡವಿದರು. "ಲೈಬ್ರರಿ ಸಾಮಾನನ್ನ ಹಿಂಗಾ ಹಾಳ್ಮಾಡೋದು? ನಿಮ್ಮಂಥೋರಿಗೆಲ್ಲ ಕಾರ್ಡ್ ಕೊಟ್ಟಿದ್ದೇ ತಪ್ಪು."

ಅವರ ಹಿಂದೆ, ಗೋಂದಣ್ಣನ ಮೇಜಿನ ಮೇಲೆ, ಒಂದರಿಂದ ಹದಿಮೂರರವರೆಗಿನ ಸಂಪುಟಗಳನ್ನು ಪೇರಿಸಿಟ್ಟಿದ್ದರು. ಮೇಲೆ ಕತ್ತರಿ.

"ಅವೂ ಉಲ್ಟಾ ಪ್ರಿಂಟೇ," ಎಂದ ಅವನು. "ಮಳೆಗಾಲದ ಮೂಲೆಗೆ ಛತ್ರಿ ಮಾಡ್ತೀವಿ."

ಒಂದು ಕಾರ್ಡಿಗೆ ನಾಲ್ಕೇ ಪುಸ್ತಕ. ಹತ್ತರಿಂದ ಹದಿಮೂರು ಎತ್ತಿಕೊಂಡೆ. ಮೇಡಂ ನಾಲ್ಕಕ್ಕೂ ಸ್ಟ್ಯಾಂಪ್ ಒತ್ತಿದರು.

"ಬೇಗ ಓದಿ ಕೊಟ್ಬಿಡು," ಎಂದರು. "ಛತ್ರಿಗೆ ಕಮ್ಮಿ ಬೀಳುತ್ತೆ."