ಅಕ್ಕನ ಗಾಡಿಗೊಂದು ಚರ್ಮದ ಸೀಟು

ಅಕ್ಕ ದನಗಳ ಡಾಕ್ಟರು. ಕೊಟ್ಟಿಗೆಯಿಂದ ಕೊಟ್ಟಿಗೆಗೆ ಮೋಟಾರ್ ಬೈಕಿನಲ್ಲೇ ಓಡಾಡಿಕೊಂಡಿದ್ದವಳು. ಕಳೆದ ಬೇಸಿಗೆಯಲ್ಲಿ ಜಲ್ಲಿಯ ಮೇಲೆ ಚಕ್ರ ಜಾರಿ ಬಿದ್ದು ಸೊಂಟದ ಬಲಗಡೆಯ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ನಡಿಗೆ ಬಂತು, ಬೈಗುಳವೂ ಮೊದಲಿನ ಹಾಗೇ ಮರಳಿತು. ಗಾಡಿ ಓಡಿಸುವುದು ಮಾತ್ರ ಮರಳಲಿಲ್ಲ. ಸೀಟಿನ ಮೇಲೆ ಸ್ವಲ್ಪ ಹೊತ್ತು ಕೂತರೆ ಸಾಕು, ಅವಳ ತುಟಿ ಬಿಳಿಚಿಕೊಳ್ಳುತ್ತಿತ್ತು. "ನೋವಾಗದೆ ಕೂರೋಕಾದ್ರೆ ಓಡಿಸಿ, ನೋವಾದ್ರೆ ಬೇಡ" ಎಂದು ಆಸ್ಪತ್ರೆಯ ಡಾಕ್ಟರು ಹೇಳಿ ಮುಗಿಸಿದ್ದರು. ಕಚೇರಿಯವರು ಅವಳನ್ನು ಮೇಜಿನ ಕೆಲಸಕ್ಕೆ ಹಾಕಿ, ಹಳ್ಳಿಗಳಿಗೆ ಜೀಪಿನಲ್ಲಿ ಬೇರೆಯವರನ್ನು ಕಳಿಸುವ ಮಾತೆತ್ತಿದರು. ಜೀಪು ಹೋಗುವ ದಾರಿಯಲ್ಲಿರುವ ದನಗಳಿಗೆ ಮಾತ್ರ ಕಾಯಿಲೆ ಬರುತ್ತದೆಯೇ ಎಂದು ಅಕ್ಕ ಒಂದೆರಡು ಸಲ ಜಗಳವಾಡಿದಳು. ಆಮೇಲೆ ಜಗಳವಾಡುವುದನ್ನೂ ಬಿಟ್ಟಳು.

"ಗಾಡಿ ನನ್ನ ತಮ್ಮನಿಗೆ ಕೊಟ್ಟುಬಿಡೋಣ" ಎಂದರು ಭಾವ ಒಂದು ಸಂಜೆ. "ಮುಂದಿನ ತಿಂಗಳು ಹೇಗೂ ಬರ್ತಾನಲ್ಲ, ಓಡಿಸ್ಕೊಂಡು ಹೋಗ್ಲಿ. ನಿಂತ ಗಾಡಿ ನೋಡ್ಕೊಂಡು ನೀನು ಎಷ್ಟು ದಿನ ಅಂತ ಮುಖ ಸಪ್ಪಗೆ ಮಾಡ್ಕೊಂಡಿರ್ತೀಯ?"

"ಕೊಡಿ" ಎಂದಳು ಅಕ್ಕ, ಪೇಪರಿನಿಂದ ತಲೆಯೆತ್ತದೆ.

ಅವಳು ಅಷ್ಟು ಸಲೀಸಾಗಿ ಯಾವುದನ್ನೂ ಬಿಟ್ಟುಕೊಟ್ಟವಳಲ್ಲ. "ನಾನೊಂದು ಸೀಟು ಮಾಡಿ ನೋಡ್ತೀನಿ" ಎಂದುಬಿಟ್ಟೆ.

ಭಾವ ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು. "ನೀನಾ ಪುಟ್ಟಿ? ಮೊನ್ನೆ ನನ್ನ ಅಂಗಿಗೆ ಗುಂಡಿ ಹಾಕಿಕೊಟ್ಯಲ್ಲ, ಮುಂದೆ ಹಿಂದೆ ಎರಡನ್ನೂ ಸೇರಿಸಿ ಹೊಲಿದಿದ್ದೆ. ತಲೆ ತೂರಿಸೋಕೆ ನಾನು ಪಟ್ಟ ಪಾಡು ನನಗೇ ಗೊತ್ತು."

ನಾನು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ, ಅಕ್ಕನ ಮನೆಯ ಮೇಲಿನ ಕೋಣೆಯಲ್ಲಿ ಇರುತ್ತೇನೆ. ಹೊಲಿಗೆ ನನ್ನ ಕೈಗೆ ಒಗ್ಗಿದ್ದಲ್ಲ. ಆದರೆ ಕುಶನ್ ಅಂಗಡಿಯವನು ಮಾಡಿಕೊಟ್ಟ ಸ್ಪಂಜಿನ ಸೀಟು ಅಕ್ಕನಿಗೆ ಮೊದಲಿನದಕ್ಕಿಂತ ಹೆಚ್ಚು ನೋವು ಕೊಟ್ಟಿದ್ದನ್ನು ನೋಡಿದ್ದೆ. ಒತ್ತಿದಷ್ಟೂ ಸ್ಪಂಜು ತಿರುಗಿ ಒತ್ತುತ್ತದೆ. ದಪ್ಪ ಚರ್ಮ ಹಾಗಲ್ಲ. ಒಮ್ಮೆ ಆಕಾರ ಹಿಡಿದ ಮೇಲೆ ಅದು ಸುಮ್ಮನೆ ಹೊತ್ತುಕೊಳ್ಳುತ್ತದೆ ಎಂದು ಓದಿದ್ದೆ. ಓದಿದ್ದೆ ಅಷ್ಟೇ.

ಅದೇ ಕುಶನ್ ಅಂಗಡಿಯವನು ಅಟ್ಟದಿಂದ ಒಂದು ಸುರುಳಿ ಇಳಿಸಿಕೊಟ್ಟ. ಮರದ ತೊಗಟೆಯ ರಸದಲ್ಲಿ ಹದ ಮಾಡಿದ ಎಮ್ಮೆಯ ಚರ್ಮ, ಕಿರುಬೆರಳಿನ ಅರ್ಧದಷ್ಟು ದಪ್ಪ. "ಕುದುರೆ ಜೀನಿಗೆ ಅಂತ ಯಾರೋ ತರಿಸಿದ್ರು ಮೇಡಂ. ಆಮೇಲೆ ಕುದುರೇನೂ ಬರ್ಲಿಲ್ಲ, ಅವರೂ ಬರ್ಲಿಲ್ಲ. ಒಂದು ಸೀಟಿಗೆ ಸರಿಯಾಗಿ ಸಾಲುತ್ತೆ. ಎಡವಟ್ಟು ಮಾಡ್ಕೊಂಡ್ರೆ ಮಾತ್ರ ನನ್ನ ಹತ್ರ ಇನ್ನೊಂದಿಲ್ಲ."

ಊಟದ ಮೇಜಿನ ಮೇಲೆ ಅದನ್ನು ಬಿಡಿಸಿದಾಗ ಅಕ್ಕ ಬಂದು ನಿಂತಳು. ಮೊದಲು ಮೂಗು ಮುರಿದಳು. ಆಮೇಲೆ, ಬೇಡ ಬೇಡವೆನ್ನುತ್ತಲೇ, ಬೆರಳಿನಿಂದ ಸವರತೊಡಗಿದಳು.

"ಇದು ನೋಡು, ಉಣುಗು ಕಚ್ಚಿದ ಜಾಗ. ಇದು ತಂತಿಬೇಲಿಗೆ ತರಚಿಕೊಂಡಿದ್ದು, ಚಿಕ್ಕವಯಸ್ಸಲ್ಲೇ, ಗಾಯ ಎಷ್ಟು ಚೆನ್ನಾಗಿ ಮಾಗಿದೆ ನೋಡು. ಇದು ಬೆನ್ನಿನ ಗೆರೆ. ಇಲ್ಲಿ ಗಟ್ಟಿ. ಹೊಟ್ಟೆ ಕಡೆ ಹೋದ ಹಾಗೆ ಸಡಿಲ." ಒಂದು ಕಡೆ ಅವಳ ಬೆರಳು ನಿಂತಿತು. "ಇಲ್ಲಿ ಇಂಜೆಕ್ಷನ್ ಕೊಟ್ಟಿದ್ದಾರೆ. ಗಂಟು ಕಟ್ಟಿತ್ತು ಪಾಪ."

ಕಣ್ಣಿಗೆ ಒಂದೇ ಬಣ್ಣದ ಹಾಳೆಯಂತೆ ಕಂಡಿದ್ದರಲ್ಲಿ ಒಂದು ಪ್ರಾಣಿಯ ಇಡೀ ಬದುಕು ಹರಡಿಕೊಂಡಿತ್ತು. ನಾನು ಅಂಚನ್ನು ಕತ್ತರಿಸಿ ಭೂತಗನ್ನಡಿಯಲ್ಲಿ ನೋಡಿದೆ. ಬೇರಿನೊಳಗೆ ಬೇರು ಹೆಣೆದುಕೊಂಡಂತೆ ಸಾವಿರಾರು ನಾರುಗಳು, ಒಂದಕ್ಕೂ ಮೊದಲಿಲ್ಲ ಕೊನೆಯಿಲ್ಲ. ಕಪ್ಪುಹಲಗೆಯ ಮೇಲೆ ಇವುಗಳ ಚಿತ್ರವನ್ನು ಎಷ್ಟೋ ಸಲ ಬರೆದಿದ್ದೇನೆ, ಅಳಿಸಿದ್ದೇನೆ. ಆ ಹೊತ್ತು ಕತ್ತರಿ ಹಿಡಿದ ಕೈ ತಾನಾಗಿ ತಗ್ಗಿತು.

ಅಳತೆ ನನ್ನ ಲೆಕ್ಕದ ಪ್ರಕಾರ ಅತ್ಯಂತ ಮುಖ್ಯವಾದ ಹೆಜ್ಜೆ. ಅಗಲವಾದ ತಟ್ಟೆಯಲ್ಲಿ ಒದ್ದೆ ಮರಳು ತುಂಬಿ, ಸ್ಟೂಲಿನ ಮೇಲಿಟ್ಟು, ಪ್ಲಾಸ್ಟಿಕ್ ಹೊದಿಸಿ ಅಕ್ಕನನ್ನು ಕೂರಿಸಿದೆ. ಅವಳು ಫೋಟೋ ತೆಗೆಸಿಕೊಳ್ಳುವವಳ ಹಾಗೆ ಬೆನ್ನು ನೆಟ್ಟಗೆ ಮಾಡಿ, ಎರಡೂ ಭುಜ ಸಮ ಮಾಡಿ ಕೂತಳು.

"ಆರಾಮಾಗಿ ಕೂತ್ಕೋ ಅಕ್ಕ."

"ಆರಾಮಾಗೇ ಕೂತಿದೀನಿ. ನೀನು ಬೇಗ ನೋಡು. ಕೋಳೀನ ಮರಳಿನ ಮೇಲೆ ಕೂರಿಸಿ ಮರಿ ಮಾಡಿಸೋ ಹಾಗೆ ಮಾಡ್ತಿದೀಯ."

ಮರಳಿನಲ್ಲಿ ಎರಡು ಸಮನಾದ ಗುಳಿ ಬಿದ್ದವು. ನನಗೆ ಖುಷಿಯಾಯಿತು. ಅಂಕಿಗಳು ಸಮವಾಗಿ ಬಂದರೆ ಖುಷಿಪಡುವುದು ನನ್ನಂಥವರ ಹಳೇ ಚಾಳಿ. ಗ್ಯಾರೇಜಿನಿಂದ ತಂದಿದ್ದ ಒಂಟಿ ಸೀಟಿನ ಕಬ್ಬಿಣದ ತಟ್ಟೆಗೆ ಕಂಬಳಿಯಂಥ ದಪ್ಪ ಫೆಲ್ಟ್ ಬಟ್ಟೆಯ ಪದರುಗಳನ್ನು ಹಾಕಿ, ಗುಳಿಗಳಿಗೆ ತಕ್ಕಂತೆ ಕೆತ್ತಿ, ತಟ್ಟೆಯನ್ನು ಸ್ಪ್ರಿಂಗುಗಳ ಸಮೇತ ಗಾಡಿಗೇ ಬಿಗಿದೆ. ಒದ್ದೆ ಚರ್ಮವನ್ನು ಎಳೆದು ಕೂರಿಸಲು ಮನೆಯಲ್ಲಿ ಅದಕ್ಕಿಂತ ಅಲುಗದ ಆಸರೆ ಬೇರೆ ಇರಲಿಲ್ಲ.

ಕತ್ತರಿಸಿದ ಚರ್ಮವನ್ನು ಬಚ್ಚಲಿನ ಟಬ್ಬಿಗೆ ಇಳಿಸಿದೆ. ಅದು ಉಸಿರು ಬಿಟ್ಟಿತು. ನಾರುಗಳ ನಡುವಿನ ಗಾಳಿ ಹೊರಗೆ ಬರುತ್ತಿದೆ ಎಂದು ಗೊತ್ತಿದ್ದೂ ನಾನು ಆ ಪದವನ್ನೇ ಬರೆಯುತ್ತಿದ್ದೇನೆ. ಮುತ್ತಿನಂಥ ಗುಳ್ಳೆಗಳು ಸಾಲುಗಟ್ಟಿ ಏರಿದವು, ತೆಳುವಾದವು, ನಿಂತವು. ನೀರು ಚಹಾದ ಬಣ್ಣಕ್ಕೆ ತಿರುಗಿತು. ಹೊರತೆಗೆದಾಗ ಹಲಗೆಯಂತಿದ್ದ ಚರ್ಮ ನಿದ್ದೆಹೋದ ಮಗುವಿನ ಹಾಗೆ ತೋಳಿನ ಮೇಲೆ ಜೋತುಬಿತ್ತು. ಕಾದೆ. ಕಡುಗಂದು ಮೆಲ್ಲಗೆ ತಿಳಿಯಾಗತೊಡಗಿ, ಕೆನ್ನೆಗೆ ಒತ್ತಿದರೆ ಇನ್ನೂ ತಣ್ಣಗಿರುವ ಒಂದು ಹದ ಬರುತ್ತದೆ. ಆಗ ಅದು ಹೇಳಿದ್ದನ್ನು ಕೇಳುತ್ತದೆ, ಕೇಳಿದ್ದನ್ನು ಮರೆಯುವುದಿಲ್ಲ. ಇಕ್ಕಳದಲ್ಲಿ ಎಳೆದು, ಹೆಬ್ಬೆರಳಿನಿಂದ ಉಜ್ಜಿ, ಸುತ್ತಲೂ ಕ್ಲಿಪ್ಪು ಹಾಕಿ, ನೆರಳಲ್ಲಿ ಒಣಗಲು ಬಿಟ್ಟು, ಮೇಲೊಂದು ತೆಳು ಬಟ್ಟೆ ಮುಚ್ಚಿ ಕಾಲೇಜಿಗೆ ಹೋದೆ. ಯಾರೂ ಮುಟ್ಟಬಾರದೆಂದು ಹೇಳಿಹೋಗುವುದು ನನಗೆ ಹೊಳೆಯಲೇ ಇಲ್ಲ. ಬಿದ್ದ ಮೇಲೆ ಅಕ್ಕ ಗಾಡಿಯ ಕೋಣೆಯ ಕಡೆ ತಾನಾಗಿ ಕಾಲಿಟ್ಟಿದ್ದನ್ನು ನಾನು ಕಂಡಿರಲಿಲ್ಲ.

ಸಂಜೆ ಬಟ್ಟೆ ಸರಿಸಿದವಳು ಹಾಗೇ ನಿಂತೆ. ನನ್ನ ಸೀಟು ಕೆಟ್ಟುಹೋಗಿತ್ತು. ಎಡಗಡೆ ಬಟ್ಟಲಿನಷ್ಟು ಆಳದ ಗುಳಿ, ಬಲಗಡೆ ಬರೀ ಅಂಗೈ ಒತ್ತಿದಷ್ಟು ತಗ್ಗು. ಚರ್ಮ ಆಗಲೇ ಅರ್ಧ ಬಿಗಿದಿತ್ತು.

"ಭಾವಾ!" ಎಂದು ಕಿರುಚಿದೆ. "ಇದರ ಮೇಲೆ ಯಾರು ಕೂತಿದ್ದು?"

"ನಾನಂತೂ ಅಲ್ಲಮ್ಮ" ಎಂದರು ಬಾಗಿಲಲ್ಲಿ ಬಂದು ನಿಂತ ಭಾವ. "ನಾನು ಕೂತಿದ್ರೆ ತಟ್ಟೆಯೇ ನೆಲ ಮುಟ್ತಿತ್ತು."

"ಅಕ್ಕಾ!"

"ನಾನ್ಯಾಕೆ ಕೂರ್ಲಿ?" ಬಾಗಿಲಿನಾಚೆಗೇ ಇದ್ದ ಅಡುಗೆಮನೆಯಿಂದ ಉತ್ತರ ಬಂತು. "ನನಗೇನು ಬೇರೆ ಕೆಲಸ ಇಲ್ವಾ?"

ಅಷ್ಟು ಹೇಳಿ ಅವಳು ಕಪಾಟಿನಿಂದ ಏನೋ ತೆಗೆಯಲು ನಮ್ಮ ಕಡೆ ಬೆನ್ನು ಹಾಕಿದಳು. ಅವಳ ತಿಳಿ ಬೂದುಬಣ್ಣದ ಪ್ಯಾಂಟಿನ ಹಿಂಭಾಗದಲ್ಲಿ ಚಹಾ ಬಣ್ಣದ ಎರಡು ದೊಡ್ಡ ಕಲೆಗಳಿದ್ದವು, ಒಂದು ದಟ್ಟ, ಒಂದು ತೆಳು. ಭಾವ ಬಾಯಿಗೆ ಕೈ ಅಡ್ಡ ಹಿಡಿದರು. ಆದರೂ ನಗು ಮೂಗಿನಿಂದ ಹೊರಗೆ ಬಂತು. "ಲೇ, ಸಾಕ್ಷಿ ಹಿಂದೇನೇ ಇಟ್ಕೊಂಡು ಓಡಾಡ್ತಿದೀಯಲ್ಲೇ!"

ಅಕ್ಕ ತಿರುಗಿ ನೋಡಿಕೊಂಡಳು. ಕೆಂಪೇರಿದಳು. ನಗಲಿಲ್ಲ.

ನನ್ನ ಸಿಟ್ಟು ಅಲ್ಲಿಗೇ ಇಂಗಿತು. ಏಕೆಂದರೆ ಒದ್ದೆ ಚರ್ಮ ಒಂದು ಕ್ಷಣ ಕೂತು ಎದ್ದವರನ್ನು ನೆನಪಿಡುವುದಿಲ್ಲ. ಬಹಳ ಹೊತ್ತು ಕೂತಿರಬೇಕು. ದೀಪ ತಂದು ಅಡ್ಡವಾಗಿ ಹಿಡಿದು ನೋಡಿದೆ. ಪ್ಯಾಂಟಿನ ಹೊಲಿಗೆಯ ಗೆರೆ ಇತ್ತು, ಹಿಂದಿನ ಜೇಬಿನ ಗುಂಡಿ ಇತ್ತು. ಮುಂಭಾಗದಲ್ಲಿ ತೊಡೆಗಳು ಒತ್ತಿದ್ದ ಎರಡು ನಯವಾದ ಇಳಿಜಾರುಗಳಿದ್ದವು, ಹ್ಯಾಂಡಲ್ ಹಿಡಿದು ಮುಂದೆ ಬಾಗಿದವರು ಮಾತ್ರ ಒತ್ತುವಂಥವು. ಮರಳಿನ ಮೇಲೆ ಕೂತಿದ್ದು ಅಕ್ಕನ ಮರ್ಯಾದೆ. ಇಲ್ಲಿ ಅಕ್ಕನೇ ಕೂತಿದ್ದಳು. ಭಾರವನ್ನೆಲ್ಲ ಎಡಕ್ಕೆ ಚೆಲ್ಲಿ, ಬಲಗಡೆಯನ್ನು ಗಾಳಿಯಲ್ಲಿ ಹಿಡಿದಂತೆ ಕೂತಿದ್ದ ಹೆಂಗಸು, ರೋಮರಂಧ್ರಗಳಷ್ಟು ಸೂಕ್ಷ್ಮವಾಗಿ ಅಲ್ಲಿ ಅಚ್ಚಾಗಿದ್ದಳು. ಯಾವ ಎಕ್ಸ್‌ರೇಯಲ್ಲೂ ನಾವು ಅವಳನ್ನು ಹೀಗೆ ಕಂಡಿರಲಿಲ್ಲ. ಸತ್ತು ಎಷ್ಟೋ ಕಾಲವಾದ ಪ್ರಾಣಿಯೊಂದರ ತೊಗಲು ಇದನ್ನು ಕಂಡುಕೊಂಡಿತ್ತು.

ಅಕ್ಕ ನನ್ನ ಪಕ್ಕ ಬಂದು ಕೂತಳು. ಆ ಗುಳಿಗಳನ್ನೇ ನೋಡಿದಳು.

"ಇಷ್ಟು ವಾಲ್ತೀನಾ ನಾನು?"

"ನಿಂಗೆ ಗೊತ್ತಿರ್ಲಿಲ್ವಾ?"

"ವಾಲ್ತೀನಿ ಅಂತ ಗೊತ್ತಿತ್ತು. ಇಷ್ಟು ಅಂತ ಗೊತ್ತಿರ್ಲಿಲ್ಲ." ಅವಳು ಬಲಗಡೆಯ ತಗ್ಗಿನ ಮೇಲೆ ಅಂಗೈ ಇಟ್ಟಳು. "ಗಾಡಿಗೆ ಬರ್ತೀನಿ ಅಂತ ಹೇಳಿಹೋಗೋಣ ಅಂತ ಬಂದೆ ಕಣೇ. ಹೇಗೂ ಕೊಡೋದಲ್ವಾ. ಬಟ್ಟೆ ಸರಿಸಿದೆ, ಹೊಸ ಸೀಟು ಕಾಣಿಸ್ತು, ಕೂತೆ. ತಣ್ಣಗಿದೆ ಅನ್ನಿಸ್ತು, ಅಷ್ಟೇ. ಆಮೇಲೆ ಒಳಗೆ ಕುಕ್ಕರ್ ಕೂಗ್ತು, ಎದ್ದೆ." ಹಾಗೇ ಸವರುತ್ತ ಅಂದಳು, "ನೋವಾಗ್ತಿಲ್ಲ ಅನ್ನೋದು ನನಗೆ ಎದ್ದ ಮೇಲೆ ಹೊಳೀತು."

"ಹಾಗಾದ್ರೆ ಇದನ್ನ ಹೀಗೇ ಬಿಡ್ತೀನಿ."

"ಸೊಟ್ಟ ಸೀಟಾ?"

"ಮೇಲೆ ನೀನು ಕೂತಾಗ ಸೀಟು ಯಾರಿಗೆ ಕಾಣುತ್ತೆ?"

"ಸೀಟು ಕಾಣಲ್ಲ. ನಾನು ಕಾಣ್ತೀನಲ್ಲ" ಎಂದಳು ಅಕ್ಕ. "ಡಾಕ್ಟರಮ್ಮನ ಸೊಂಟ ಸೊಟ್ಟ ಅಂತ ಕೊಟ್ಟಿಗೆ ಕೊಟ್ಟಿಗೇಲೂ ಮಾತಾಗುತ್ತೆ."

ಬೇಡ ಎಂದು ಮಾತ್ರ ಅವಳು ಹೇಳಲಿಲ್ಲ.

ಚರ್ಮ ಪೂರ್ತಿ ಒಣಗಿತು. ಬೆರಳಿನಿಂದ ತಟ್ಟಿದರೆ ಮರದಂತೆ ಸದ್ದು ಕೊಡುತ್ತಿತ್ತು. ಅದನ್ನು ಎತ್ತಿ, ಕೆಳಗಿನ ಫೆಲ್ಟನ್ನು ಅದರ ಹೊಟ್ಟೆಗೆ ತಕ್ಕಂತೆ ಮತ್ತೆ ಕೆತ್ತಿದೆ. ಎಡಗಡೆ ಆಳವಾಗಿ ತೋಡಿ, ತಟ್ಟೆಯ ಅಂಚಿಗೆ ದಿಂಬು ಕೊಟ್ಟೆ. ಬಲಗಡೆ ಮುರಿದು ಕೂಡಿದ ಮೂಳೆಯ ಕೆಳಗೆ ಏನೂ ತಾಗದ ಹಾಗೆ ಟೊಳ್ಳು ಬಿಟ್ಟೆ. ಹೊಲಿಗೆಗೆ ಒಂದೇ ದಾರ, ಎರಡು ತುದಿಗೆ ಎರಡು ಸೂಜಿ. ಒಂದೇ ತೂತಿನಲ್ಲಿ ಅತ್ತಲಿಂದ ಒಂದು, ಇತ್ತಲಿಂದ ಒಂದು ಹಾಯಿಸಿ ಎಳೆಯಬೇಕು. ಮೇಣ ಸವರಿದ ದಾರ ಪ್ರತಿ ಎಳೆತಕ್ಕೂ ಸಣ್ಣಗೆ ಕಿರುಗುಟ್ಟುತ್ತಿತ್ತು. ಮೊದಲ ಗೇಣು ಅಂಕುಡೊಂಕು. ಅಕ್ಕನೇ ಬಂದು ಚರ್ಮದ ಇನ್ನೊಂದು ಅಂಚನ್ನು ಹಿಡಿದು ಕೂತಳು. ಹಸುಗಳ ಹೊಟ್ಟೆ ಹೊಲಿದ ಕೈ ಅವಳದು. "ದಾರಾನ ನಿನ್ನ ಕಡೆಗಲ್ಲ, ಹೊರಗಡೆಗೆ ಎಳಿ. ಹಾಂ, ಹಾಗೆ. ಇದಕ್ಕೇನು ನೋವಾಗಲ್ಲ, ಗಟ್ಟಿಯಾಗಿ ಎಳಿ ಪುಟ್ಟಿ." ಆಮೇಲಿನ ಹೊಲಿಗೆ ಜೋಳದ ಕಾಳು ಜೋಡಿಸಿದ ಹಾಗೆ ಬಂತು.

ಭಾವನ ತಮ್ಮ ಹೇಳಿದ ಹಾಗೇ ಬಂದ. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಸೀಟಿನ ಹತ್ತಿರ ನಿಂತ.

"ಅತ್ತಿಗೆ, ಇದೇನು ಒಂದು ಕಡೆ ಕುಸಿದುಬಿಟ್ಟಿದೆ? ಇದನ್ನ ತೆಗೆಸಿ ಬೇರೆ ಹಾಕಿಸ್ಕೊಳ್ಳಲಾ?"

ಅಕ್ಕ ಒಳಗೆ ಹೋಗಿ ಹೆಲ್ಮೆಟ್ ತಂದಳು. ಬಲಗಾಲನ್ನು ನಿಧಾನವಾಗಿ ದಾಟಿಸಿ ಕೂತಳು. ಚರ್ಮ ಒಮ್ಮೆ ಗುರುಗುಟ್ಟಿ ಸುಮ್ಮನಾಯಿತು. ನಾನು ಅವಳ ತುಟಿಗಳನ್ನೇ ನೋಡುತ್ತಿದ್ದೆ. ಬಣ್ಣ ಇಳಿಯಲಿಲ್ಲ. ಎಂಜಿನ್ ಶುರುಮಾಡಿ ಅವಳು ಕಾದಳು. ನಾವೂ ಕಾದೆವು. ಆಗಲೂ ಇಳಿಯಲಿಲ್ಲ.

"ರೀ, ನಾನು ಬರೋಷ್ಟೊತ್ತಿಗೆ ಊಟಕ್ಕೆ ತಟ್ಟೆ ಹಾಕಿರಿ" ಎಂದಳು ಭಾವನಿಗೆ. ಮೈದುನನ ಕಡೆ ತಿರುಗಿ, "ನಿನಗೆ ಬಸ್ಸು ಸಂಜೆಗೂ ಇದೆ" ಎಂದಳು.

ಗೇಟು ದಾಟಿ ರಸ್ತೆಗೆ ಇಳಿದಳು. ಎದುರುಮನೆಯವರು ಕಸ ಗುಡಿಸುವುದನ್ನು ನಿಲ್ಲಿಸಿ ನೋಡಿದರು. ಅವರು ನೋಡುತ್ತಿದ್ದಾರೆಂದು ಅಕ್ಕನಿಗೂ ಗೊತ್ತಿತ್ತು, ಒಂದು ಕೈ ಎತ್ತಿದಳು. ಎಡಭುಜ ತಗ್ಗಿತ್ತು, ಬಲಭುಜ ಮೇಲಿತ್ತು. ಈಗ ನೆಟ್ಟಗಾಗುತ್ತಾಳೆ, ಈಗ ಸರಿಮಾಡಿಕೊಳ್ಳುತ್ತಾಳೆ ಎಂದುಕೊಂಡು ನಾನು ನೋಡುತ್ತಲೇ ಇದ್ದೆ. ರಸ್ತೆಯ ತಿರುವಿನವರೆಗೂ ಅಕ್ಕ ವಾಲಿಕೊಂಡೇ ಹೋದಳು.