ಯಾರೂ ಇಳಿಯದ ನೀರು

“ನೀರಾಗ ಒಬ್ಬರೂ ಇಲ್ಲಲ್ಲ ಯವ್ವಾ,” ಅಂದ ಶಂಕ್ರೆಪ್ಪ, ಮಗಳ ಮೊಬೈಲನ್ನು ಒಮ್ಮೆ ಕಣ್ಣ ಹತ್ತಿರ ಹಿಡಿದು, ಒಮ್ಮೆ ದೂರ ಹಿಡಿದು.

ಅದೇ ಅಲ್ಲವೇ ಅದರ ಚೆಂದ ಎಂದು ಮಲ್ಲಿಕಾ ನಕ್ಕಳು. ಮಧ್ಯಾಹ್ನದ ಊಟ ಆಗಿತ್ತು. ಮುಂಬ್ರಾದ ಆ ಖೋಲಿಯಲ್ಲಿ ಮೂವರು ಕಾಲು ಚಾಚಿದರೆ ನಾಲ್ಕನೆಯವರು ಹೊರಗೆ ನಿಲ್ಲಬೇಕು. ಹತ್ತು ಖೋಲಿಗೆ ಒಂದೇ ನಲ್ಲಿ. ಅಂಥಲ್ಲಿ ಬೆಳೆದ ಹುಡುಗಿಗೆ, ಹೊನ್ನಿನ ಬಣ್ಣದ ಮರಳು, ನೀಲಿ ನೀರು, ನೀರಲ್ಲಿ ಒಂದು ನರಪಿಳ್ಳೆಯೂ ಇಲ್ಲದ ಆ ಚಿತ್ರ ಕಂಡರೆ ಹೇಗಾಗಬೇಡ? ಅಮೆರಿಕದ ಒಬ್ಬ ತಾಯಿ ಮಕ್ಕಳನ್ನು ಕಟ್ಟಿಕೊಂಡು ನಾಳೆ ಅಲ್ಲಿಗೆ ಹೊರಟಿದ್ದಾಳೆ, ಆ ಜಾಗ ಆರಿಸಿಕೊಟ್ಟದ್ದು ನಾನೇ ಎಂದು ಅಪ್ಪನಿಗೆ ಹೇಳಿಕೊಳ್ಳಬೇಕೆಂದೇ ಅವಳು ಮೊಬೈಲು ತೆಗೆದಿದ್ದಳು.

ಮಲ್ಲಿಕಾಳ ಕೆಲಸ ಐರೋಲಿಯ ಒಂದು ಟ್ರಾವೆಲ್ ಕಂಪನಿಯಲ್ಲಿ. ರಜೆಗೆ ಎಲ್ಲಿ ಹೋಗೋಣ, ಯಾವ ಹೋಟೆಲಿನಲ್ಲಿ ಇಳಿಯೋಣ ಎಂದು ಅಮೆರಿಕದವರು ಫೋನಿನಲ್ಲಿ ಕೇಳುತ್ತಾರೆ, ವಿಮಾನದ ಮೆಟ್ಟಿಲನ್ನೂ ಮುಟ್ಟದ ಐರೋಲಿಯ ಮಕ್ಕಳು ಉತ್ತರ ಹೇಳುತ್ತಾರೆ. ಫೋನಿನಲ್ಲಿ ಅವಳ ಹೆಸರು ಮೇಗನ್. ಮಾತು ಶುರುವಾಗಿ ಎರಡು ನಿಮಿಷದೊಳಗೆ “ಹೋದ ವರ್ಷ ನಾನೇ ಅಲ್ಲಿಗೆ ಹೋಗಿದ್ದೆ” ಅನ್ನಬೇಕು. ಅದಕ್ಕೆ ಪ್ರತ್ಯೇಕ ಅಂಕವಿದೆ. ಅಂದದ್ದಕ್ಕೆ ಸಂಬಳ, ಅನ್ನದಿದ್ದರೆ ಕರೆದು ಬುದ್ಧಿವಾದ. ಮೊದಮೊದಲು ಮಲ್ಲಿಕಾಳ ನಾಲಿಗೆ ತಡವರಿಸುತ್ತಿತ್ತು. ಐದು ತಿಂಗಳಲ್ಲಿ ಅವಳು ಹವಾಯಿ, ಬಹಾಮಾ ಎಲ್ಲ ಸುತ್ತಿ ಬಂದಾಗಿತ್ತು.

ಈ ತಾಯಿಯ ಹೆಸರು ಕಾರ್ಲಾ, ಒಹಾಯೋದವಳು. ಒಂಬತ್ತು ಮತ್ತು ಏಳು ವರ್ಷದ ಎರಡು ಹೆಣ್ಣುಮಕ್ಕಳು ಈ ಚಳಿಗಾಲದಲ್ಲಷ್ಟೇ ಈಜು ಕಲಿತಿವೆ, ಸಮುದ್ರ ಕಂಡಿಲ್ಲ, ದಿನವಿಡೀ ನೀರಲ್ಲೇ ಇರುತ್ತೇವೆ ಎಂದು ಹಟ ಹಿಡಿದಿವೆ. ಮೆಕ್ಸಿಕೋಗೆ ಹೋಗೋಣವೆಂದಿದ್ದೇವೆ, ಕ್ಯಾನ್‌ಕುನ್ ಒಳ್ಳೆಯದೋ ಲಾಸ್ ಕಾಬೋಸ್ ಒಳ್ಳೆಯದೋ ಎಂದು ಕೇಳಿದ್ದಳು. ಮಲ್ಲಿಕಾ ಎರಡರ ಚಿತ್ರಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಿದಳು. ಕ್ಯಾನ್‌ಕುನ್ ಎಂಬಲ್ಲಿ ನೀರಿನ ತುಂಬ ತಲೆಗಳು, ಭಾನುವಾರದ ಜುಹು ಬೀಚಿನ ಹಾಗೆ. ಲಾಸ್ ಕಾಬೋಸ್ ಖಾಲಿ. ದಿನಾ ಲೋಕಲ್ ರೈಲಿನಲ್ಲಿ ಕಂಡವರ ಕಾಲ ಕೆಳಗೆ ಬೆರಳು ಜಜ್ಜಿಸಿಕೊಳ್ಳುವ ಹುಡುಗಿ ಯಾವುದನ್ನು ಆರಿಸಿಯಾಳು? ಕಾಬೋಸ್‌ಗೆ ಹೋಗಿ, ಇಡೀ ದಂಡೆ ನಿಮ್ಮದೇ ಎಂದಳು. ಆಮೇಲೆ ಮೇಲ್ ಬರೆಯುವಾಗ ಕೈ ಇನ್ನೂ ಸ್ವಲ್ಪ ಉದ್ದವಾಯಿತು. ನಾನೇ ಇಳಿದು ನೋಡಿದ್ದೇನೆ, ನೀರು ಕೆರೆಯ ಹಾಗಿದೆ ಎಂದೂ ಬರೆದಳು.

“ಮ್ಯಾಲ ಕುರ್ಚಿ ಹಾಕ್ಕೊಂಡು ಇಷ್ಟ ಮಂದಿ ಮಲಗ್ಯಾರ,” ಶಂಕ್ರೆಪ್ಪನ ಬೆರಳು ಚಿತ್ರದ ಮೇಲೆ ನಿಧಾನ ಸರಿಯಿತು. “ಒಬ್ಬರರೆ ಕಾಲ ತೋಯಿಸ್ಯಾರೇನು? ದಂಡಿ ನೋಡು, ಗ್ವಾಡಿ ಕಡದಂಗ ಕಡದದ. ಇದು ಕಾಲ ಹಿಡದು ಒಳಗ ಜಗ್ಗೋ ನೀರು.”

ಬೇರೆ ಯಾರಾದರೂ ಅಂದಿದ್ದರೆ ಮಲ್ಲಿಕಾ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೆ ಅಪ್ಪ ಭೀಮಾ ಹೊಳೆಯಲ್ಲಿ ಈಜು ಕಲಿತು, ಕಲಬುರ್ಗಿ ಕಡೆಯಿಂದ ಇಲ್ಲಿಗೆ ಬಂದು, ಹದಿನೇಳು ವರ್ಷ, ಸಮುದ್ರ ಒಳನುಗ್ಗಿದ ಮುಂಬ್ರಾ ಖಾಡಿಯ ತಳಕ್ಕೆ ಮುಳುಗಿ ಬಕೆಟ್ಟಿನಲ್ಲಿ ಮರಳು ತುಂಬಿ ಮೇಲೆ ಕಳಿಸಿದವನು. ಖಾಡಿ ಅವನ ಎಡಗಿವಿಯನ್ನು ತಿಂದುಹಾಕಿತ್ತು. ಜೊತೆಗಿದ್ದ ಇಬ್ಬರನ್ನು ಪೂರ್ತಿಯಾಗಿಯೇ ತಿಂದಿತ್ತು. ನೀರಿನ ವಿಷಯದಲ್ಲಿ ಅವನು ಬಾಯಿಗೆ ಬಂದದ್ದು ಆಡುವ ಮನುಷ್ಯನಲ್ಲ.

ಅವಳು ಮೊಬೈಲು ಕಿತ್ತುಕೊಂಡು ಆ ಹೋಟೆಲಿಗೆ ಹೋಗಿಬಂದವರು ಬರೆದದ್ದನ್ನು ಹುಡುಕಿದಳು. ಕಂಪನಿಯ ಪುಟದಲ್ಲಿ ಇಲ್ಲದ್ದೆಲ್ಲ ಅಲ್ಲಿತ್ತು. ದಿನವೂ ನೀರಿಗಿಳಿಯಬೇಡಿ ಎನ್ನುವ ಕೆಂಪು ಬಾವುಟ. ಮೊಣಕಾಲು ನೀರಲ್ಲಿ ನಿಂತ ನನ್ನ ಗಂಡನನ್ನು ಅಲೆ ಕೆಡವಿತು. ಮಕ್ಕಳನ್ನು ಈಜುಕೊಳ ಬಿಟ್ಟು ಆಚೆ ಬಿಡಬೇಡಿ. ಓದುತ್ತ ಓದುತ್ತ ಅವಳು ಎದ್ದು ನಿಂತಳು. ಅವತ್ತು ಬೆಳಗಿನ ಪಾಳಿಯಲ್ಲಷ್ಟೇ ಕಾರ್ಲಾಳ ಮೇಲ್ ಬಂದಿತ್ತು. ಸಮುದ್ರವೆಂದರೆ ನನಗೆ ಮೊದಲಿನಿಂದ ಭಯ, ನಾನೇ ಇಳಿದು ನೋಡಿದ್ದೇನೆ ಎಂದು ನೀವು ಬರೆದಿರಲ್ಲ, ಅದಕ್ಕೇ ಧೈರ್ಯ ಬಂತು ಎಂದು ಬರೆದಿದ್ದಳು.

“ಏನಾತು?” ಅಂದಳು ರೊಟ್ಟಿ ಬುಟ್ಟಿ ಎತ್ತಿಡುತ್ತಿದ್ದ ತಾಯಿ ದ್ರೌಪದಿ. ಮಲ್ಲಿಕಾ ಎಲ್ಲವನ್ನೂ ಹೇಳಿದಳು, ಸುಳ್ಳು ಹೇಳಿದ್ದನ್ನೂ ಸೇರಿಸಿ. ದ್ರೌಪದಿಗೆ ಮೆಕ್ಸಿಕೋ ಎಲ್ಲಿದೆಯೋ ಗೊತ್ತಿಲ್ಲ. ಗೊತ್ತಿದ್ದುದನ್ನು ಹೇಳಿದಳು.

“ಕಂಡವರ ಮಕ್ಕಳನ್ನ ಬಾವಿಗಿ ತಳ್ಳಿ ಆಳ ನೋಡಿದಂಗಾತಲ್ಲೇ.”

ಆ ಮಾತು ಎದೆಗೆ ನಾಟಿತು. ಕಾರ್ಲಾಳ ನಂಬರು, ಮೇಲ್ ಎಲ್ಲ ಆಫೀಸಿನ ಕಂಪ್ಯೂಟರಿನಲ್ಲಷ್ಟೇ ಇದ್ದವು. ಬರೆದುಕೊಂಡು ಹೊರಗೆ ತರುವ ಹಾಗಿಲ್ಲ. ಟೀಮ್ ಲೀಡರ್ ಜಯಂತ್‌ಗೆ ಫೋನು ಮಾಡಿದರೆ, ಈಗ ಅಲ್ಲಿ ಬೆಳಗಿನ ಜಾವ, ನಾಳೆ ಬಾ ನೋಡೋಣ ಎಂದು ಇಟ್ಟುಬಿಟ್ಟ. ನಾಳೆ ಬೆಳಗ್ಗೆ ಆರಕ್ಕೆ ಅವಳ ಪಾಳಿ. ಆಗ ಒಹಾಯೋದಲ್ಲಿ ರಾತ್ರಿ ಎಂಟೂವರೆ. ಮಾರನೆಯ ಬೆಳಗ್ಗೆ ಏಳಕ್ಕೆ ಆ ಮಕ್ಕಳ ವಿಮಾನ. ನಡುವೆ ಸಿಗುವುದು ಅವರು ಮಲಗುವ ಮುಂಚಿನ ಗಂಟೆಯೊಂದೇ.

ಹಾಳಾದ್ದು, ಮಾರನೆಯ ಬೆಳಗ್ಗೆಯೇ ಕಳವಾ ಸ್ಟೇಷನ್ನಿನ ಹತ್ತಿರ ಸಿಗ್ನಲ್ ಕೆಟ್ಟು ಲೋಕಲ್ ನಿಂತುಬಿಟ್ಟಿತು. ಠಾಣೆ ಸ್ಟೇಷನ್ನಿನಲ್ಲಿ ಸೇತುವೆ ಹತ್ತಿ ಇಳಿದು ಐರೋಲಿಯ ಗಾಡಿ ಹಿಡಿಯುವಷ್ಟರಲ್ಲಿ ಆರು ದಾಟಿತ್ತು. ಓಡುತ್ತ ಒಳಗೆ ಬಂದಾಗ ಗೋಡೆಯ ಮೇಲಿನ ಅಮೆರಿಕದ ಗಡಿಯಾರ ಒಂಬತ್ತಕ್ಕೆ ಐದು ನಿಮಿಷ ಇದೆ ಅನ್ನುತ್ತಿತ್ತು.

ಜಯಂತ್ ಮೈಸೂರಿನವನು, ನೆರೂಳದಲ್ಲಿ ಮನೆ. ಫೋನಿನಲ್ಲಿ ಜೇ. ಸಂದರ್ಶನದ ದಿನ ಮಲ್ಲಿಕಾಳ ಅರ್ಜಿಯಲ್ಲಿ ಕಲಬುರ್ಗಿ ಎಂಬುದನ್ನು ಕಂಡು, ಕನ್ನಡದಲ್ಲಿ ನಾಲ್ಕು ಮಾತಾಡಿಸಿ, ಇವಳ ಇಂಗ್ಲಿಷ್ ನಾನು ತಿದ್ದುತ್ತೇನೆ ಎಂದು ಮೇಲಿನವರಿಗೆ ಹೇಳಿ ಕೆಲಸ ಕೊಡಿಸಿದವನೇ ಅವನು. ಆ ಋಣ ಅವಳ ತಲೆಯ ಮೇಲಿತ್ತು. ಅವನ ಮಗಳು ಹರ್ಷಿತಾ ಈಜಿನ ಕ್ಲಾಸಿಗೆ ಸೇರಿ ಪದಕ ಗೆದ್ದಾಗ ಫೋಟೋವನ್ನು ಎಲ್ಲರಿಗೂ ತೋರಿಸಿ ಪೇಡಾ ಹಂಚಿದ್ದ. ಮನುಷ್ಯ ಕೆಟ್ಟವನಲ್ಲ. ತನ್ನ ಕುರ್ಚಿಯನ್ನು ತುಸು ಹೆಚ್ಚು ಪ್ರೀತಿಸುತ್ತಿದ್ದ, ಅಷ್ಟೆ.

ಅವಳು ಹೇಳಿದ್ದನ್ನೆಲ್ಲ ಅವನು ಕೇಳಿದ. ದೊಡ್ಡವರು ಜೊತೆಗಿದ್ದಾರೆ, ಹೋಟೆಲಿನಲ್ಲಿ ಈಜುಕೊಳವಿದೆ, ಬಾವುಟ ಹಾಕಿರುತ್ತಾರೆ, ಸಮುದ್ರದಲ್ಲಿ ಎಚ್ಚರವಾಗಿರಿ ಎಂದು ಒಂದು ಮೇಲ್ ಹಾಕಿದರೆ ನಮ್ಮ ಕೆಲಸ ಮುಗಿಯಿತು ಎಂದ. ಗಂಟು ಕಟ್ಟುತ್ತಿರುವವಳು ಮೇಲ್ ಎಲ್ಲಿ ಓದುತ್ತಾಳೆ ಎಂದು ಅವಳು ಕೇಳಿದಳು. ಅವನು ಸುತ್ತ ನೋಡಿ ದನಿ ತಗ್ಗಿಸಿದ.

“ನೋಡಮ್ಮ, ಫೋನ್ ಎಲ್ಲಾ ರೆಕಾರ್ಡ್ ಆಗುತ್ತೆ. ನಾನು ಅಲ್ಲಿಗೆ ಹೋಗೇ ಇಲ್ಲ ಅಂತ ನೀನು ಬಾಯಿಬಿಟ್ಟು ಹೇಳಿದ್ರೆ ಇವತ್ತೇ ಐಡಿ ಕಾರ್ಡ್ ಕಿತ್ಕೊಂಡು ಮನೆಗೆ ಕಳಿಸ್ತಾರೆ. ಯಾಮಿನಿ ಕಥೆ ಗೊತ್ತಲ್ಲ? ನಾನು ಇಂಡಿಯಾದಲ್ಲಿದೀನಿ ಅಂತಷ್ಟೇ ಅಂದಿದ್ಲು. ನಿನ್ನ ಕೆಲಸ ಖಾಯಂ ಮಾಡೋ ಕಾಗದ ಇವತ್ತು ಬಂದಿದೆ, ನನ್ನ ಡ್ರಾಯರಲ್ಲೇ ಇದೆ.”

ಆ ಕಾಗದಕ್ಕಾಗಿ ಅವಳ ಮನೆಯಲ್ಲಿ ಎಷ್ಟು ದೇವರಿಗೆ ಹರಕೆ ಹೊತ್ತಿದ್ದರು ಎಂಬುದು ಅವನಿಗೇನು ಗೊತ್ತು. ಶಂಕ್ರೆಪ್ಪ ಈಗ ನೀರಿಗೆ ಇಳಿಯುತ್ತಿರಲಿಲ್ಲ. ಸಿಕ್ಕ ದಿನ ಹಮಾಲಿ, ಸಿಗದ ದಿನ ಮನೆ. ಮಲ್ಲಿಕಾ ತಲೆಯಾಡಿಸಿ ತನ್ನ ಜಾಗಕ್ಕೆ ಬಂದಳು. ಮೇಲ್ ಬರೆಯಲು ಶುರುಮಾಡಿದಳು. ಎಚ್ಚರ ಎಂದು ಬರೆದಳು, ಅಳಿಸಿದಳು. ಯಾರು ಓದುತ್ತಾರೆ ಇದನ್ನು? ಓದಿದರೂ, ಕೆರೆಯ ಹಾಗಿದೆ ಎಂದ ಮೇಗನ್ ಮಾತಿನ ಮುಂದೆ ಇದು ಯಾವ ಲೆಕ್ಕ? ನಾಡಿದ್ದು ಆ ಮಕ್ಕಳು ದಂಡೆಯಲ್ಲಿ ಅಮ್ಮನ ಕೈ ಎಳೆಯುತ್ತವೆ. ಅಮ್ಮನಿಗೆ ತನ್ನ ಭಯಕ್ಕಿಂತ ಮೇಗನ್ ಮಾತೇ ದೊಡ್ಡದಾಗಿ ಕಾಣುತ್ತದೆ. ಅಲ್ಲಿಗೆ ಮುಗಿಯಿತು.

ಗಡಿಯಾರ ಒಂಬತ್ತೂಕಾಲು ತೋರಿಸುವಾಗ ಅವಳು ನಂಬರು ಒತ್ತಿದಳು.

ಕಾರ್ಲಾ ಮೇಗನ್‌ಳ ದನಿ ಕೇಳಿ ಹಿಗ್ಗಿದಳು. ಹಿಂದೆ ಮಕ್ಕಳ ಗಲಾಟೆ ಕೇಳುತ್ತಿತ್ತು. ಮಲ್ಲಿಕಾ ಒಂದೇ ಉಸಿರಿಗೆ ಹೇಳಿದಳು: ಆ ಸಮುದ್ರ ಕೆಟ್ಟದ್ದು, ಮಕ್ಕಳನ್ನು ಇಳಿಸಬೇಡಿ, ಆಗುವುದಾದರೆ ಕ್ಯಾನ್‌ಕುನ್‌ಗೆ ಬದಲಿಸಿಕೊಳ್ಳಿ, ಅಲ್ಲಿ ಚಿಕ್ಕ ಮಕ್ಕಳು ನಿಲ್ಲುವಂಥ ನೀರಿನ ದಂಡೆಗಳಿವೆ. ನಾನೇ ಇಳಿದಿದ್ದೆ ಎಂದು ನೀವು ಬರೆದಿರಲ್ಲ ಎಂದು ಕಾರ್ಲಾ ಕೇಳಿದಳು. ಇಲ್ಲ ಎಂದಳು ಮಲ್ಲಿಕಾ. ನಾನು ಅಲ್ಲಿಗೆ ಹೋಗಿಲ್ಲ, ವಿಮಾನವನ್ನೇ ಹತ್ತಿಲ್ಲ, ನಾನಿರುವುದು ಇಂಡಿಯಾದಲ್ಲಿ, ಫೋಟೋ ನೋಡಿ ಹೇಳಿಬಿಟ್ಟೆ.

ಹೇಳಿ ಮುಗಿಸಿದಾಗ ಎದೆ ಹಗುರಾಗುತ್ತದೆ ಎಂದುಕೊಂಡಿದ್ದಳು. ಹಾಗೇನೂ ಆಗಲಿಲ್ಲ. ಕಾರ್ಲಾಳ ದನಿ ಬೇರೆ ಯಾರದೋ ಎಂಬಷ್ಟು ಬದಲಾಯಿತು. ನೀನು ಯಾರು, ಹೊರಡುವ ಹಿಂದಿನ ರಾತ್ರಿ ಟಿಕೆಟ್ ಬದಲಿಸಿ ಎಂದು ಹೆದರಿಸಿ ಬ್ಯಾಂಕ್ ಕಾರ್ಡಿನ ನಂಬರು ಕೇಳುವ ಮೋಸಗಾರರ ಗುಂಪಿನವಳು ತಾನೇ, ಮೇಗನ್ ಹೆಸರು ನಿನಗೆ ಹೇಗೆ ಗೊತ್ತಾಯಿತು ಎಂದು ಕೇಳಿ ಫೋನು ಇಟ್ಟಳು. ಅದುವರೆಗೆ ಆಡಿದ್ದ ಸುಳ್ಳನ್ನೆಲ್ಲ ನಂಬಿದವಳು ಒಂದು ನಿಜಕ್ಕೆ ಬಾಗಿಲು ಹಾಕಿಬಿಟ್ಟಳು. ಮಲ್ಲಿಕಾ ಮತ್ತೆ ಒತ್ತಿದಳು. ಗಂಟೆ ಬಡಿದು ಬಡಿದು ನಿಂತಿತು. ಇನ್ನೊಮ್ಮೆ ಒತ್ತುವಷ್ಟರಲ್ಲಿ ಹಿಂದಿನಿಂದ ಒಂದು ಕೈ ಬಂದು ಹೆಡ್‌ಸೆಟ್ಟಿನ ತಂತಿ ಎಳೆಯಿತು.

“ಕೇಳ್ತಾ ಇದ್ದೆ ನಾನು, ಅಲ್ಲಿ ಕೂತು,” ಎಂದ ಜಯಂತ್. ಮುಖ ಸುಣ್ಣದ ಹಾಗಾಗಿತ್ತು. “ಕಾರ್ಡ್ ಕೊಡು.”

ಅವಳು ಕೊರಳಿನಿಂದ ಕಾರ್ಡು ತೆಗೆದು ಅವನ ಕೈಯಲ್ಲಿಟ್ಟಳು. ಅಳು ಬರುತ್ತದೆಂದು ತಿಳಿದಿದ್ದಳು, ಬಂದದ್ದು ಸಿಟ್ಟು. ಅವನ ಮೇಲಲ್ಲ, ತನ್ನ ಮೇಲೂ ಪೂರ್ತಿಯಾಗಿ ಅಲ್ಲ. ಫೋನು ಎತ್ತದ ಆ ತಾಯಿಯ ಮೇಲೆ, ಇನ್ನೂ ಓಡುತ್ತಿರುವ ಗೋಡೆಯ ಗಡಿಯಾರದ ಮೇಲೆ.

“ನನ್ನ ಕೆಲಸ ಹೋದ್ರ ಹೋಗ್ಲಿ ಸರ್. ಆಕಿ ನನ್ನ ಮಾತ ನಂಬಂಗಿಲ್ಲ ಇನ್ನ. ನೀವರೆ ಹೇಳ್ರಿ,” ಅಂದಳು. ಆಫೀಸಿನಲ್ಲಿ ಎಂದೂ ಹೊರಬರದಿದ್ದ ಅಪ್ಪನ ಕನ್ನಡ ಬಾಯಿಗೆ ಬಂದುಬಿಟ್ಟಿತ್ತು. “ಹರ್ಷಿತಾನ ಇಳಸ್ತಿದ್ರೇನ್ ಸರ್, ಆ ನೀರಾಗ?”

“ಮನೆ ವಿಷಯ ಇಲ್ಲಿ ತರಬೇಡ,” ಎಂದ ಜಯಂತ್ ಗಡುಸಾಗಿ. ನಾಲ್ಕು ಹೆಜ್ಜೆ ಹೋದ. ಸುತ್ತ ಜೆಸಿಕಾ, ಕೆವಿನ್, ಆಶ್ಲಿ ಎಂಬ ಹೆಸರಿನ ಮರಾಠಿ, ತೆಲುಗು ಮಕ್ಕಳು ಯಾರು ಯಾರಿಗೋ ಹೋದ ವರ್ಷ ನಾನೇ ಹೋಗಿದ್ದೆ ಅನ್ನುತ್ತಲೇ ಇದ್ದರು. ಆ ಮಾತನ್ನು ಅವರಿಗೆಲ್ಲ ಕಲಿಸಿದವನು ಅವರ ನಡುವೆ ಕಾರ್ಡು ಹಿಡಿದು ನಿಂತ.

ತಿರುಗಿ ಬಂದವನು ಅವಳ ಕುರ್ಚಿಯಲ್ಲಿ ಕೂತ. ಕಿತ್ತ ತಂತಿಯನ್ನು ಸಿಕ್ಕಿಸಿದ. ಹೊಸಬರು ಕೇಳಿಸಿಕೊಂಡು ಕಲಿಯಲೆಂದು ಇಟ್ಟಿರುವ ಎರಡನೆಯ ಹೆಡ್‌ಸೆಟ್ಟನ್ನು, ಅವಳ ಮುಖ ನೋಡದೆ, ಅವಳತ್ತ ಚಾಚಿದ. ನಂಬರು ಒತ್ತಿದ. ಮೊದಲ ಸಲ ಯಾರೂ ಎತ್ತಲಿಲ್ಲ. ಎರಡನೆಯ ಸಲ ಒಂದು ಹುಡುಗಿಯ ದನಿ ಬಂತು.

ಅಮ್ಮ ಮಹಡಿಯಲ್ಲಿದ್ದಾಳೆ, ಸೂಟ್‌ಕೇಸ್ ಮುಚ್ಚುತ್ತಿಲ್ಲ, ಅದರ ಮೇಲೆ ಕೂತಿದ್ದಾಳೆ ಎಂದಿತು ಅದು. ನೀವು ಸಮುದ್ರದ ಕಂಪನಿಯವರಾ ಎಂದು ಕೇಳಿತು. ಉತ್ತರಕ್ಕೆ ಕಾಯದೆ, ನನಗೀಗ ನೀರೊಳಗೆ ಕಣ್ಣು ಬಿಡಲು ಬರುತ್ತದೆ, ತಂಗಿಗೆ ಬರುವುದಿಲ್ಲ ಎಂದಿತು.

ಮಗು ಫೋನೆತ್ತಿದರೆ ಏನು ಹೇಳಬೇಕೆಂದು ಕಂಪನಿಯ ಯಾವ ಹಾಳೆಯಲ್ಲೂ ಬರೆದಿರಲಿಲ್ಲ. ಜಯಂತ್ ಗಂಟಲು ಸರಿಮಾಡಿಕೊಂಡ. ಅವನ ಇಂಗ್ಲಿಷಿನಲ್ಲಿ ದಿನನಿತ್ಯದ ಅಮೆರಿಕದ ರಾಗ ಇರಲಿಲ್ಲ, ಮೈಸೂರಿನ ಸ್ಕೂಲಿನಲ್ಲಿ ಕಲಿತಂತೆ ಒಂದೊಂದೇ ಪದ ಬಿಡಿಸಿ ಹೇಳಿದ.

“ನನ್ನ ಹೆಸರು ಜಯಂತ್. ಇಂಡಿಯಾದಿಂದ ಮಾತಾಡ್ತಿದೀನಿ. ಮೊದಲು ಫೋನ್ ಮಾಡಿದ ಹುಡುಗಿ ಹೇಳಿದ್ದು ನಿಜ ಅಂತ ಅಮ್ಮನಿಗೆ ಹೇಳು. ಕಾರ್ಡ್ ನಂಬರ್ ಏನೂ ಕೇಳಲ್ಲ ಅಂತ ಹೇಳು. ಫೋನ್ ಇಡಬೇಡ ಮರಿ. ನಾವಿಬ್ಬರೂ ಕಾಯ್ತಿರ್ತೀವಿ.”

ಫೋನನ್ನು ಮೇಜಿನ ಮೇಲೋ ಎಲ್ಲೋ ಇಟ್ಟ ಸದ್ದಾಯಿತು. ಮರದ ಮೆಟ್ಟಿಲ ಮೇಲೆ ಬರಿಗಾಲುಗಳು ಓಡಿದವು. ಮಾಮ್, ಮಾಮ್ ಎನ್ನುವ ಕೂಗು ದೂರ ದೂರ ಹೋಯಿತು. ಜಯಂತ್ ಹಣೆಗೆ ಕೈಯಾನಿಸಿ ಕೂತಿದ್ದ. ಮಲ್ಲಿಕಾ ಹೆಡ್‌ಸೆಟ್ಟನ್ನು ಎರಡೂ ಕೈಯಿಂದ ಕಿವಿಗೆ ಒತ್ತಿ ಹಿಡಿದು ನಿಂತಳು. ಮೇಲೆಲ್ಲೋ ಒಂದು ಬಾಗಿಲು ತೆರೆಯಿತು. ಇಳಿದು ಬರುತ್ತಿರುವ ಹೆಜ್ಜೆಗಳು ಕೇಳತೊಡಗಿದವು, ಈ ಸಲ ಭಾರವಾಗಿ, ಒಂದೊಂದೇ ಮೆಟ್ಟಿಲು.